ಮಾಯವಾದ ಮೇಲೂ ಮುಂದಿನ ಭಾಗ ಬೇಕೇ?

ಒಂದು ಸಿನಿಮಾ ಗೆದ್ದರೆ 'ಭಾಗ 2 ಯಾವಾಗ?' ಎಂದು ಕೇಳುವುದು ಈಗ ರೂಢಿ. ಆದರೆ ಸರಣಿ ಸಿನಿಮಾ ಕನ್ನಡಕ್ಕೆ ಹೊಸದಲ್ಲ. 1968ರಲ್ಲಿ ದೊರೆ-ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' ಬಂದವು. ಕೊನೆಯದು 1978ರ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೇ ನಿಂತಿತು. ಪ್ರತಿ ಸಿನಿಮಾದ ಕೇಸು ಅದರೊಳಗೇ ಮುಗಿಯುತ್ತಿತ್ತು. ಒಂದನ್ನು ನೋಡದವರಿಗೂ ಇನ್ನೊಂದು ಅರ್ಥವಾಗುತ್ತಿತ್ತು.

1972ರ 'ನಾಗರಹಾವು' ಇದಕ್ಕೆ ತದ್ವಿರುದ್ಧ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದೇ ಸಿನಿಮಾಕ್ಕೆ ಇಳಿಸಿದರು. ಇಂದಾಗಿದ್ದರೆ ಅದು ಮೂರು ಭಾಗ ಆಗುತ್ತಿತ್ತೇನೋ! ರಾಮಾಚಾರಿ ಸತ್ತ, ಕಥೆ ಮುಗಿಯಿತು. ಅದಕ್ಕೇ ಅವನು ಇನ್ನೂ ನೆನಪಿನಲ್ಲಿದ್ದಾನೆ.

ಈಗಿನ ಲೆಕ್ಕ ಬೇರೆ. 2018ರಲ್ಲಿ ಬಂದ 'ಕೆಜಿಎಫ್' ಅರ್ಧ ಕಥೆ ಹೇಳಿ, ಉಳಿದರ್ಧವನ್ನು 2022ಕ್ಕೆ ಇಟ್ಟಿತು. ರಾಕಿ ಚಿನ್ನದ ಸಮೇತ ಕಡಲಲ್ಲಿ ಮುಳುಗಿದ ಮೇಲೂ ಮೂರನೆಯ ಭಾಗದ ಸುಳಿವು ಬಂತು. ಐದಾರು ಭಾಷೆಗಳ ಡಬ್ಬಿಂಗ್, ಒಟಿಟಿ ಹಕ್ಕು ಎಂದು ಕೋಟಿಗಟ್ಟಲೆ ಹಣ ಹೂಡುವವರಿಗೆ ಗೊತ್ತಿರುವ ಹೆಸರೇ ಧೈರ್ಯ. ಅದನ್ನು ತಪ್ಪೆನ್ನಲಾಗದು.

ಮಂಗಳೂರಿನವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 2022ರ 'ಕಾಂತಾರ'ದ ಕೊನೆಯಲ್ಲಿ ಶಿವ ಕಾಡಿನೊಳಗೆ ಮಾಯವಾಗುತ್ತಾನೆ. ತುಳುವರಿಗೆ ಇದು ಅಪರಿಚಿತ ಮುಕ್ತಾಯವಲ್ಲ. ನಮ್ಮ ಪಾಡ್ದನಗಳಲ್ಲಿ ಮನುಷ್ಯರು ಮಾಯವಾಗಿಯೇ ದೈವಗಳಾಗುವುದು. ಅಲ್ಲಿ ಕಥೆ ನಿಲ್ಲುತ್ತದೆ, ಆರಾಧನೆ ಶುರುವಾಗುತ್ತದೆ.

ಕೋಟಿ-ಚೆನ್ನಯರನ್ನೇ ನೋಡಿ. ಎಣ್ಮೂರಿನ ಕಾಳಗದಲ್ಲಿ ಕೋಟಿ ಬಿದ್ದ, ಚೆನ್ನಯ ಕಲ್ಲಿಗೆ ತಲೆ ಬಡಿದುಕೊಂಡು ಅಣ್ಣನ ಹಿಂದೆಯೇ ಹೋದ. ತುಳುವಿನಲ್ಲಿ 1973ರಲ್ಲೊಮ್ಮೆ, 2007ರಲ್ಲೊಮ್ಮೆ ಈ ಅವಳಿಗಳ ಸಿನಿಮಾ ಬಂತು. ಎರಡೂ ಸಲ ಅದೇ ಕಥೆ. ಯಾರೂ ಅದನ್ನು ಮುಂದಕ್ಕೆ ಎಳೆಯಲಿಲ್ಲ. 2019ರಲ್ಲಿ 'ದೇಯಿ ಬೈದೆತಿ' ಅವರ ತಾಯಿಯ ಕಥೆಗೆ ಹಿಂದಿರುಗಿತು. ಆ ಕಥೆ ಪಾಡ್ದನದಲ್ಲೇ ಇತ್ತು, ಮಾರುಕಟ್ಟೆಗಾಗಿ ಹುಟ್ಟಿಸಬೇಕಿರಲಿಲ್ಲ.

2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1' ಕೂಡ ಹಿಂದಕ್ಕೇ ಹೋಯಿತು. ಆ ಮಟ್ಟಿಗೆ ಅದು ಶಿವನ ಮಾಯವನ್ನು ಕೆಡಿಸಲಿಲ್ಲ. ಆದರೆ ಕೆಲವು ಪ್ರೇಕ್ಷಕರು ದೈವದ ವೇಷ ಹಾಕಿಕೊಂಡು ಥಿಯೇಟರಿಗೆ ಬಂದರು. ದೈವಾರಾಧಕರು ನೊಂದರು. ಹಾಗೆ ಮಾಡಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಮನವಿ ಮಾಡಬೇಕಾಯಿತು. ದೈವವೊಂದು ಸರಣಿಯ ಪಾತ್ರವಾದರೆ ಆಗುವುದು ಇದೇ: ಪ್ರತಿ ಭಾಗಕ್ಕೂ ಹಿಂದಿನದಕ್ಕಿಂತ ದೊಡ್ಡ ಆರ್ಭಟ ಬೇಕು. ನೇಮಕ್ಕೆ ಆ ಒತ್ತಡವಿಲ್ಲ. ವರ್ಷಕ್ಕೊಮ್ಮೆ ಅದೇ ಗಗ್ಗರ, ಅದೇ ನುಡಿ, ಅದೇ ಊರು. ಆದರೂ ಜನ ಬರುತ್ತಾರೆ.

ಹಾಗಾದರೆ ಸರಣಿಗಳೇ ಬೇಡವೇ? ಸಿಐಡಿ 999ರಂಥ ಪತ್ತೇದಾರ ಹತ್ತು ಸಲ ಬರಲಿ, ಪ್ರತಿ ಸಲವೂ ಕೇಸು ಮುಗಿಸಿ ಹೋಗಲಿ. ಆದರೆ ಮಾಯವಾದವರನ್ನು ಟಿಕೆಟ್ಟಿಗಾಗಿ ಮತ್ತೆ ಕರೆಯುವುದು ಬೇಡ. ಮಾಯಕ್ಕೆ ಸಂದವರು ನೇಮದ ದಿನ ಹೇಗೂ ಬರುತ್ತಾರೆ.