ಸುರಂಜನ್ ದಾಸ್ ರಸ್ತೆಗೆ ಆ ಹೆಸರು ಯಾಕೆ?

ಫೈಟರ್ ಜೆಟ್ ಗೇಮ್ ಹಾಕಿದ್ರೆ ಮೊದಲ ಒಂದು ಗಂಟೆ ಸೆಟ್ಟಿಂಗ್ಸ್‌ಗೇ ಹೋಗುತ್ತೆ. ಸ್ಟಿಕ್ ಎಷ್ಟು ಎಳೆದರೆ ಮೂತಿ ಎಷ್ಟು ಏಳಬೇಕು? ಹಿಂದೆ ತಿರುಗಿ ನೋಡೋಕೆ ಯಾವ ಬಟನ್? ತಪ್ಪಾದ್ರೆ ವಿಮಾನ ಬೀಳುತ್ತೆ. ರೀಸ್ಟಾರ್ಟ್ ಒತ್ತಿದ್ರೆ ಆಯ್ತು.

ನಮ್ಮ ಎಚ್‌ಎಎಲ್ ಮಾರುತ್ ಫೈಟರ್ ಕಟ್ಟುವಾಗ ಇವತ್ತಿನಂಥ ಕಂಪ್ಯೂಟರ್ ಸಿಮ್ಯುಲೇಟರ್ ಎಲ್ಲಿತ್ತು ಗುರು? ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ತಂಡ ಅದೇ ಅಳತೆಯ ಮರದ ಗ್ಲೈಡರ್ ಮಾಡಿತು. 1959ರಲ್ಲಿ ಡಕೋಟಾ ವಿಮಾನ ಅದನ್ನ ಮೇಲಕ್ಕೆ ಎಳ್ಕೊಂಡು ಹೋಗಿ ಬಿಡ್ತಿತ್ತು. ಇಂಜಿನ್ ಇಲ್ಲ. ಒಳಗೆ ಟೆಸ್ಟ್ ಪೈಲಟ್. ಕಂಟ್ರೋಲ್ ಹೇಗಿದೆ ಅಂತ ಅವರ ಕೈಯೇ ಹೇಳಬೇಕಿತ್ತು.

1961ರ ಜೂನ್ 17ರಂದು ಮಾರುತ್ ಮೊದಲ ಸಲ ಹಾರಿಸಿದ್ದು ಟೆಸ್ಟ್ ಪೈಲಟ್ ಸುರಂಜನ್ ದಾಸ್. 1970ರ ಜನವರಿ 10ರಂದು ಅದರದೇ ಹೊಸ ಮಾದರಿ ಪರೀಕ್ಷಿಸುವಾಗ ಬೆಂಗಳೂರಲ್ಲೇ ವಿಮಾನ ಬಿದ್ದು ತೀರಿಕೊಂಡರು.

ಹಳೇ ಏರ್‌ಪೋರ್ಟ್ ರಸ್ತೆಯಿಂದ ಬೈಯಪ್ಪನಹಳ್ಳಿ ಕಡೆ ಹೋಗೋ ರಸ್ತೆಗೆ ಅವರ ಹೆಸರಿದೆ. ಡಿಆರ್‌ಡಿಒದ ಎಡಿಇ ಲ್ಯಾಬ್ ಇರೋದೂ ಅಲ್ಲೇ. ತೇಜಸ್ ತಾನಾಗಿ ಸ್ಥಿರವಾಗಿ ಹಾರೋ ವಿಮಾನ ಅಲ್ಲ, ಕಂಪ್ಯೂಟರ್ ಕ್ಷಣಕ್ಷಣಕ್ಕೂ ಸರಿಮಾಡ್ತಾ ಇರಬೇಕು. ಸ್ಟಿಕ್ ಮತ್ತು ಕಂಪ್ಯೂಟರ್ ನಡುವಿನ ಆ ಲೆಕ್ಕವನ್ನ ಪೈಲಟ್‌ಗಳು ಎಡಿಇಯ ಸಿಮ್ಯುಲೇಟರ್‌ನಲ್ಲಿ ಕೂತು ಮೊದಲು ನೆಲದ ಮೇಲೇ ಪರೀಕ್ಷಿಸಿದರು. ಆಮೇಲೆ, 2001ರ ಜನವರಿ 4ರಂದು, ರಾಜೀವ್ ಕೋಠಿಯಾಲ್ ಅದನ್ನ ಆಕಾಶಕ್ಕೆ ಏರಿಸಿದರು.

ಆ ರಸ್ತೇಲಿ ದಿನಾ ಟ್ರಾಫಿಕ್‌ನಲ್ಲಿ ನಿಲ್ಲೋರು ಯಾರ್ಯಾರಿದ್ದೀರಾ? ಹೆಸರು ಯಾರದ್ದು ಅಂತ ಮೊದಲೇ ಗೊತ್ತಿತ್ತಾ? ನಿಜ ಹೇಳಿ.

#ನಮ್ಮರಸ್ತೆನಮ್ಮಕಥೆ #ಬೆಂಗಳೂರು