ಕುದುರೆಯ ಹೊಟ್ಟೆಶೂಲೆ: ವೈದ್ಯ ಬೆಳೆದು ಬಂದ ದಾರಿ



ಕುದುರೆ ಅಂದಕೂಡಲೆ “ನಮ್ಮೂರಲ್ಲಿ ಈಗ ಕುದುರೆ ಎಲ್ಲಿದೆ?” ಅಂದೀರಿ. ಮಾತು ನಿಜ, ಜಟಕಾಗಾಡಿಗಳು ಕಡಿಮೆಯಾದವು. ಆದರೂ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರ ಹೇರಿನ ತಟ್ಟು ಇದೆ, ಹೊರೆ ಹೊರುವ ಕತ್ತೆ ಇದೆ. ಇವುಗಳ ಹೊಟ್ಟೆಯ ರಚನೆಯೂ ಕುದುರೆಯದರಂತೆಯೇ. ಸಂಜೆ ಚೆನ್ನಾಗಿ ಮೇಯ್ದ ಪ್ರಾಣಿ ಬೆಳಗಾಗುವುದರೊಳಗೆ ಹೊಟ್ಟೆಶೂಲೆಯಿಂದ ಸತ್ತರೆ ಆ ಮನೆಯ ದುಡಿಮೆಯೇ ನಿಂತಂತೆ.

ದನ ಮೆಲುಕು ಹಾಕುತ್ತದೆ, ಕುದುರೆ ಹಾಕೋದಿಲ್ಲ. ಮೈ ದೊಡ್ಡದಾದರೂ ಅದರ ಜಠರ ಚಿಕ್ಕದು. 8ರಿಂದ 15 ಲೀಟರು ಹಿಡಿಸೀತು. ತಿಂದದ್ದನ್ನು ವಾಂತಿ ಮಾಡಲು ಅದಕ್ಕೆ ಬಾರದು. ಹುಲ್ಲು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಆ ಕರುಳು ಮಡಿಕೆ ಮಡಿಕೆಯಾಗಿ, ಸಡಿಲವಾಗಿ ಬಿದ್ದಿರುತ್ತದೆ. ಗಾಳಿ ತುಂಬಿದರೂ ಕಷ್ಟ, ಲದ್ದಿ ಗಟ್ಟಿಯಾಗಿ ಕಟ್ಟಿಕೊಂಡರೂ ಕಷ್ಟ, ಕರುಳು ತಿರುಚಿಕೊಂಡರಂತೂ ಪ್ರಾಣಕ್ಕೇ ಸಂಚಕಾರ. ಆದರೆ ಹೊರಗೆ ಕಾಣೋ ಲಕ್ಷಣ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ: ಕಾಲಿನಿಂದ ನೆಲ ಕೆರೆಯುವುದು, ಪಕ್ಕೆಯ ಕಡೆ ತಿರುಗಿ ನೋಡುವುದು, ಬೆವರುವುದು, ಹೊರಳಾಡುವುದು. ಒಳಗೆ ಏನಾಗಿದೆ ಅಂತ ತಿಳಿಯುವುದು ಹೇಗೆ? ಈ ಪ್ರಶ್ನೆಯೇ ವೈದ್ಯರನ್ನು ನೂರಾರು ವರ್ಷ ಕಾಡಿತು.

ಪ್ರಾಣಿವೈದ್ಯ ನಮ್ಮ ನಾಡಿಗೆ ಹೊಸದಲ್ಲ. ಚಾಲುಕ್ಯರ ಕಾಲದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲೇ ಬರೆದ. ಮುಂದೆ ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಬರೆದ. ಯೂರೋಪಿನಲ್ಲಿ ಬಹುಕಾಲ ಈ ಕೆಲಸ ಲಾಳ ಕಟ್ಟುವವರದೇ ಆಗಿತ್ತು. ಹೊಟ್ಟೆನೋವು ಬಂದರೆ ರಕ್ತ ಬಿಡುವುದು, ಭೇದಿಗೆ ಕೊಡುವುದು, ಇದೇ ಚಿಕಿತ್ಸೆ. 1761ರಲ್ಲಿ ಫ್ರಾನ್ಸಿನ ಲಿಯಾನ್ ಊರಿನಲ್ಲಿ ಕ್ಲೋಡ್ ಬೂರ್ಜೆಲಾ ಎಂಬಾತ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದ. ಸತ್ತ ಪ್ರಾಣಿಯನ್ನು ಕೊಯ್ದು ನೋಡಿ ಕಲಿಯುವ ಪದ್ಧತಿ ಅಲ್ಲಿ ಬೇರೂರಿತು.

ಇಂಗ್ಲೆಂಡಿನಲ್ಲಿ ಎಕ್ಲಿಪ್ಸ್ ಅಂತ ಒಂದು ಕುದುರೆ ಇತ್ತು. 1764ರ ಸೂರ್ಯಗ್ರಹಣದ ದಿನ ಹುಟ್ಟಿದ್ದರಿಂದ ‘ಗ್ರಹಣ’ ಎಂದೇ ಹೆಸರು. ಓಡಿದ 18 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಅಂಥ ಕುದುರೆಯೂ 1789ರ ಫೆಬ್ರವರಿ 27ರಂದು ಹೊಟ್ಟೆಶೂಲೆಯಿಂದ ಸತ್ತುಹೋಯ್ತು. ಲಿಯಾನಿನಲ್ಲಿ ಕಲಿತಿದ್ದ ಸೇನ್‌ಬೆಲ್ ಅದರ ಶವವನ್ನು ಕೊಯ್ದು ಪರೀಕ್ಷಿಸಿದ. ಅವನ ಹೆಸರು ಎಲ್ಲರ ಬಾಯಿಗೆ ಬಂತು. ಅದಕ್ಕೂ ಮೊದಲು, 1785ರಲ್ಲೇ, ಒಡಿಹ್ಯಾಮ್ ಎಂಬ ಊರಿನ ಕೃಷಿ ಸಂಘವು ಕುದುರೆ ವೈದ್ಯ ಶಾಸ್ತ್ರೀಯವಾಗಿ ಬೆಳೆಯಬೇಕೆಂದು ನಿರ್ಣಯ ಮಾಡಿತ್ತು. ನೋಡಿ, ಒಂದು ಕೃಷಿ ಸಂಘ ಎತ್ತಿದ ಮಾತು! ಇವೆಲ್ಲ ಕೂಡಿ 1791ರಲ್ಲಿ ಲಂಡನ್ನಿನ ಪಶುವೈದ್ಯ ಕಾಲೇಜು ಹುಟ್ಟಿತು. ಸೇನ್‌ಬೆಲ್ ಅದರ ಮೊದಲ ಪ್ರಾಧ್ಯಾಪಕ.

1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಮನುಷ್ಯರಿಗೆಂದು ಸ್ಟೆತೊಸ್ಕೋಪು ಕಂಡುಹಿಡಿದ. ಅದು ಕುದುರೆಯ ಪಕ್ಕೆಗೂ ಬಂತು. ಕರುಳಿನ ಗುಡುಗುಡು ಕೇಳುತ್ತಿದೆಯೋ, ಸದ್ದೇ ಅಡಗಿದೆಯೋ ಎಂದು ತಿಳಿಯುವಂತಾಯಿತು. ಗುದದ ಮೂಲಕ ಕೈ ಹಾಕಿ ಕರುಳಿನ ಸ್ಥಿತಿಯನ್ನು ಮುಟ್ಟಿ ನೋಡುವುದು, ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ಕಟ್ಟಿಕೊಂಡದ್ದನ್ನು ಹೊರಕ್ಕೆ ತೆಗೆಯುವುದು ರೂಢಿಗೆ ಬಂತು. ವಾಂತಿ ಬಾರದ ಪ್ರಾಣಿಗೆ ಈ ಕೊಳವೆಯೇ ಪ್ರಾಣರಕ್ಷಕ.

1870ರಲ್ಲಿ ಜರ್ಮನಿಯ ಬೋಲಿಂಗರ್ ಇನ್ನೊಂದು ಗುಟ್ಟನ್ನು ಬಿಡಿಸಿದ. ಒಂದು ಜಾತಿಯ ಜಂತುಹುಳುವಿನ ಮರಿಗಳು ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಸೇರುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಶೂಲೆ ಬರುತ್ತದೆ ಎಂದು ತೋರಿಸಿದ. 1961ರಲ್ಲಿ ಥಯಾಬೆಂಡಜೋಲ್, 1981ರಲ್ಲಿ ಐವರ್ಮೆಕ್ಟಿನ್ ಎಂಬ ಜಂತಿನ ಔಷಧಿಗಳು ಬಂದ ಮೇಲೆ ಈ ಬಗೆಯ ಶೂಲೆ ಬಹಳ ತಗ್ಗಿತು. ಆದರೆ ಲೆಕ್ಕವಿಲ್ಲದೆ ಔಷಧಿ ಕೊಟ್ಟಲ್ಲಿ ಕೆಲವು ಜಂತುಗಳು ಅದಕ್ಕೆ ಬಗ್ಗದಾಗಿವೆ. ಆದ್ದರಿಂದ ಮೊದಲು ಲದ್ದಿ ಪರೀಕ್ಷೆ, ಆಮೇಲೆ ಔಷಧಿ.

ರಕ್ತ ಬಿಡುವ ಪದ್ಧತಿ ಏನಾಯ್ತು? ಶೂಲೆ ಜೋರಾದಾಗ ಮೈಯ ನೀರಿನಂಶ ಕರುಳಿಗೆ ಇಳಿದು ರಕ್ತ ಗಟ್ಟಿಯಾಗುತ್ತದೆ ಎಂದು ತಿಳಿದುಬಂತು. ಹಿಂದಿನವರು ರಕ್ತ ತೆಗೆದರು. ಇಂದಿನ ಡಾಕ್ಟರು ನರಕ್ಕೆ ಸಲೈನು ಏರಿಸುತ್ತಾರೆ. 1956ರಲ್ಲಿ ಹ್ಯಾಲೊಥೇನ್ ಎಂಬ ಅರಿವಳಿಕೆ ಬಳಕೆಗೆ ಬಂದ ಮೇಲೆ, ತಿರುಚಿದ ಕರುಳನ್ನು ಹೊಟ್ಟೆ ಕೊಯ್ದು ಸರಿಪಡಿಸುವುದೂ ಕ್ರಮೇಣ ಸಾಧ್ಯವಾಯಿತು. ಆದರೆ ಅದಕ್ಕೆ ಹೊತ್ತು ಮೀರಿರಬಾರದು.

ಇದರಿಂದ ನಮಗೇನು ಪಾಠ? ಆರೋಗ್ಯದ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಅದು 60 ದಾಟಿದರೆ, ಒಸಡಿನ ಬಣ್ಣ ಕೆಟ್ಟರೆ, ಲದ್ದಿ ನಿಂತರೆ ತಡಮಾಡದೆ ಪಶುವೈದ್ಯರಿಗೆ ಹೇಳಿಕಳಿಸಿ. ಅವರು ಬರುವತನಕ ಮೇವು ತೆಗೆದಿಡಿ. ಗೊಟ್ಟದಲ್ಲಿ ಎಣ್ಣೆ, ಕಷಾಯ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿದೀತು. ದಿನಾಲೂ ಚೊಕ್ಕ ನೀರು ಬೇಕಾದಷ್ಟು ಕೊಡಿ. ಹುರುಳಿಯನ್ನು ಒಮ್ಮೆಲೇ ಹೆಚ್ಚಿಸಬೇಡಿ, ಬೂಷ್ಟು ಹಿಡಿದ ಮೇವು ಹಾಕಬೇಡಿ. ಮೇವು ಬದಲಿಸುವುದಿದ್ದರೆ ಒಂದು ವಾರ ಹಿಡಿದು ನಿಧಾನವಾಗಿ ಬದಲಿಸಿ.