ಸಿಬಿರು ಏಳದ ಕೆತ್ತನೆ

ಬಾಗಿಲ ಹಲಗೆಗೆ ಅಂಚು ಕೊರೆಯುವ ಕೆಲಸ ಮುಕ್ಕಾಲುಪಾಲು ಮುಗಿದಿರುತ್ತದೆ. ರೂಟರ್ ಯಂತ್ರ ಕೊನೆಯ ಮೂಲೆಗೆ ಬರುತ್ತಲೇ ಚಟ್ಟೆಂದು ಸದ್ದಾಗಿ ಬೆರಳುದ್ದದ ಚೂರೊಂದು ಕಿತ್ತು ಹಾರುತ್ತದೆ. ತೇಗದ ಹಲಗೆಯಾದರಂತೂ ಹೋದದ್ದು ಚೂರು ಮಾತ್ರವಲ್ಲ, ದುಡ್ಡೂ ಹೌದು. ಅಡಿಕೆ ಕಂಡ ಚನ್ನಗಿರಿ ಸೀಮೆಯ ನಲ್ಲೂರಿನಿಂದ ಹಿಡಿದು ಬೆಂಗಳೂರಿನವರೆಗೆ, ರೂಟರ್ ಹಿಡಿದ ಬಡಗಿಗಳಿಗೆಲ್ಲ ಇದು ಪರಿಚಿತ ಸಂಕಟ. ಯಂತ್ರ ಹೊಸದಿರಬಹುದು, ಸಂಕಟ ಹೊಸದಲ್ಲ. ಅದಕ್ಕೆ ಪರಿಹಾರ ಕಂಡುಕೊಂಡವರು ಇದೇ ಸೀಮೆಯ ಆಸುಪಾಸಿನಲ್ಲೇ ಇದ್ದರು.

ಚನ್ನಗಿರಿ ತಾಲ್ಲೂಕು ದಾವಣಗೆರೆಗೆ ಸೇರಿದ್ದು 1997ರಲ್ಲಿ. ಅಲ್ಲಿಯವರೆಗೆ ಅದು ಶಿವಮೊಗ್ಗ ಜಿಲ್ಲೆಯ ಭಾಗ. ಅದೇ ಜಿಲ್ಲೆಯ ಸೊರಬ, ಸಾಗರಗಳು ಗುಡಿಗಾರರ ನೆಲೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರು ತಮ್ಮ ಹಿರಿಯರು ಎಂಬುದು ಈ ಸಮುದಾಯದಲ್ಲಿ ಪರಂಪರೆಯಿಂದ ಬಂದ ಮಾತು. ಮದುವೆಯ ಬಾಸಿಂಗಕ್ಕೆ ಬೆಂಡು ಕೊಯ್ಯುವ ಕೈಯೇ ಶ್ರೀಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ, ಹೂವು, ದೇವತೆಗಳನ್ನು ಬಿಡಿಸುತ್ತಿತ್ತು.

ಮರವೆಂದರೆ ಒತ್ತೊತ್ತಾಗಿ ಕಟ್ಟಿದ ಹುಲ್ಲಿನ ಕಂತೆ ಇದ್ದಂತೆ. ಉಳಿ ಎಳೆಯ ಇಳಿಜಾರಿನಲ್ಲಿ ಸಾಗಿದರೆ ನಾರು ಕತ್ತರಿಸಿ ಸುರುಳಿಯಾಗಿ ಬರುತ್ತದೆ. ಎಳೆಗೆ ಎದುರಾಗಿ ಹೋದರೆ ಅಲಗು ನಾರನ್ನು ಕೊಯ್ಯುವ ಮೊದಲೇ ಮೀಟಿ ಎಬ್ಬಿಸುತ್ತದೆ. ಸೀಳು ಅಲಗಿಗಿಂತ ಮುಂದೆ ಓಡುತ್ತದೆ. ಅದೇ ಸಿಬಿರು. ಹಲಗೆಯ ತುದಿಯಲ್ಲಿ ನಾರಿಗೆ ಹಿಂದಿನಿಂದ ಆಸರೆಯೇ ಇರುವುದಿಲ್ಲ, ಹಾಗಾಗಿ ಮೂಲೆ ಹಾರುತ್ತದೆ. ಬೀಟೆಯದು ಇನ್ನೊಂದು ತಕರಾರು. ಅದರ ಎಳೆಗಳು ಒಂದು ಪದರದಲ್ಲಿ ಆಚೆಗೆ, ಮುಂದಿನ ಪದರದಲ್ಲಿ ಈಚೆಗೆ ವಾಲಿ ಹೆಣೆದುಕೊಂಡಿರುತ್ತವೆ. ಯಾವ ಕಡೆಯಿಂದ ಉಳಿ ಹಾಕಿದರೂ ಅರ್ಧ ಭಾಗಕ್ಕೆ ಅದು ಎದುರೇ! ತೇಗದ ಎಳೆ ನೇರ, ಆದರೆ ಅದರೊಳಗಿನ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಅಲಗು ಕೊಯ್ಯುವುದಿಲ್ಲ, ಕೀಳುತ್ತದೆ.

ಶ್ರೀಗಂಧ ಈ ದೃಷ್ಟಿಯಿಂದ ಕುಶಲಕರ್ಮಿಗೆ ಸಿಕ್ಕ ವರ. ದಟ್ಟವಾದ ನುಣುಪು ನಾರು, ಎಣ್ಣೆಯ ಅಂಶ. ಕೂದಲೆಳೆಯಂಥ ಗೆರೆಯೂ ಅದರಲ್ಲಿ ನಿಲ್ಲುತ್ತದೆ. ಆದರೂ ಗುಡಿಗಾರ ಮರದ ಗುಣವನ್ನಷ್ಟೇ ನಂಬಿ ಕೂರಲಿಲ್ಲ. ಟಿಪ್ಪು ಸುಲ್ತಾನ್ 1792ರ ಸುಮಾರಿಗೆ ಗಂಧವನ್ನು ರಾಜಸ್ವತ್ತೆಂದು ಸಾರಿದ ಮೇಲೆ ಅದು ಸರ್ಕಾರದ ಹತೋಟಿಯಲ್ಲೇ ಉಳಿದ ಮರ. ಬೇಕೆಂದಾಗ ಇನ್ನೊಂದು ತುಂಡು ಸಿಗುವಂಥದಲ್ಲ. ಎಸಳೊಂದು ಮುರಿದರೆ ಇಡೀ ಫಲಕ ಕೆಟ್ಟಂತೆ.

ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಗುಡಿಗಾರರ ಕೆಲಸದ ಕ್ರಮವನ್ನು ವಿವರವಾಗಿಯೇ ದಾಖಲಿಸಿದೆ. ಮೊದಲು ಬಿಳಿ ಕಾಗದದ ಮೇಲೆ ಚಿತ್ರ ಬರೆದು ಅದನ್ನು ನಯಗೊಳಿಸಿದ ಮರಕ್ಕೆ ಅಂಟಿಸುತ್ತಿದ್ದರು. ಆಮೇಲೆ ಚೂಪಾದ ಉಪಕರಣದಿಂದ ಹೊರರೇಖೆಗಳನ್ನೆಲ್ಲ ಮರಕ್ಕೆ ಇಳಿಯುವಂತೆ ಗೀರುತ್ತಿದ್ದರು. ಕೆತ್ತನೆ ಶುರುವಾಗುತ್ತಿದ್ದುದು ಅದಾದ ಮೇಲೆಯೇ. ಗರಗಸ, ಕೊಡತಿ, ಸಾಣೆಕಲ್ಲು, ಬಗೆಬಗೆಯ ಉಳಿಗಳು, ಅವುಗಳಲ್ಲಿ ಕೆಲವಂತೂ ಅತಿ ಸಣ್ಣವು, ಇಷ್ಟೇ ಸಲಕರಣೆ.

ಗುಟ್ಟು ಇರುವುದು ಆ ಗೀರಿನಲ್ಲಿ. ಗೆರೆಯ ಮೇಲಿನ ನಾರು ಮೊದಲೇ ತುಂಡಾಗಿದ್ದರೆ ಉಳಿ ಎಬ್ಬಿಸಿದ ಸೀಳು ಓಡಿಬಂದು ಅಲ್ಲಿಗೇ ನಿಲ್ಲುತ್ತದೆ, ಎಸಳಿನೊಳಕ್ಕೆ ನುಗ್ಗುವುದಿಲ್ಲ. ಕಾಗದ ಅಂಟಿಸುತ್ತಿದ್ದುದು ಚಿತ್ರಕ್ಕಾಗಿ, ನಿಜ. ಆದರೆ ಮೇಲ್ಮೈಯ ನಾರನ್ನು ಅದು ಅಷ್ಟಿಷ್ಟು ಹಿಡಿದಿಟ್ಟಿರಲೂ ಸಾಕು. ಇಂದಿನ ಬಡಗಿ ಕೊರೆಯುವ ಗೆರೆಯ ಮೇಲೆ ಅಂಟುಪಟ್ಟಿ ಎಳೆಯುವುದು ಇದೇ ಉಪಾಯ.

ಮೈಸೂರಿನ ಬೀಟೆ ಕೆಲಸಗಾರರಿಗೂ ಗೀರು ಬಿಟ್ಟರೆ ಬೇರೆ ಗತಿ ಇರಲಿಲ್ಲ. ದಂತದ ಚೂರು ಕೂರಿಸಲು ತೋಡುವ ಗುಳಿಯ ಅಂಚು ಕಿತ್ತರೆ ಕಪ್ಪು ಮರದಲ್ಲಿ ಬಿಳಿ ದಂತದ ಪಕ್ಕ ಅದು ಎದ್ದು ಕಾಣುತ್ತದೆ. 1897ರ ಬೆಂಕಿಯ ನಂತರ ಕಟ್ಟಿ 1912ರಲ್ಲಿ ಪೂರ್ಣಗೊಂಡ ಅರಮನೆಯ ಅಂಬಾವಿಲಾಸದ ಬಾಗಿಲುಗಳನ್ನು ಹತ್ತಿರದಿಂದ ನೋಡಿದವರಿಗೆ ಈ ಕೆಲಸದ ಬಿಗಿ ಗೊತ್ತು.

ಇನ್ನು ಯಂತ್ರದ ಮಾತು. ಕೈಯಲ್ಲಿ ಹಿಡಿಯುವ ವಿದ್ಯುತ್ ರೂಟರ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಅದನ್ನು ತಯಾರಿಸುತ್ತಿದ್ದ ಆರ್. ಎಲ್. ಕಾರ್ಟರ್ ಅವರ ಉದ್ಯಮವನ್ನು 1929ರಲ್ಲಿ ಸ್ಟ್ಯಾನ್ಲಿ ಕಂಪನಿ ಕೊಂಡಿತು. ನಿಮಿಷಕ್ಕೆ ಹತ್ತಿಪ್ಪತ್ತು ಸಾವಿರ ಸುತ್ತು ತಿರುಗುವ ಅಲಗು ಎಳೆಯನ್ನು ಓದುವುದಿಲ್ಲ. ಓದಬೇಕಾದವನು ಹಿಡಿದವನೇ. ಮೇಲಿನಿಂದ ನೋಡಿದರೆ ಅಲಗು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಆದ್ದರಿಂದ ಹಲಗೆಯ ಹೊರ ಅಂಚಿನಲ್ಲಿ ಯಂತ್ರವನ್ನು ಅಪ್ರದಕ್ಷಿಣೆಯಾಗಿ, ಚೌಕಟ್ಟಿನ ಒಳ ಅಂಚಿನಲ್ಲಿ ಪ್ರದಕ್ಷಿಣೆಯಾಗಿ ಒಯ್ಯಬೇಕು. ಉಲ್ಟಾ ಒಯ್ದರೆ ಸಿಬಿರು ಕಡಿಮೆ ಏಳುವುದುಂಟು, ಆದರೆ ಯಂತ್ರ ಕೈಮೀರಿ ಓಡುತ್ತದೆ. ಅನುಭವಿಗಳು ಅದನ್ನು ತೀರಾ ತೆಳುವಾದ ಕೊನೆಯ ಸುತ್ತಿಗೆ ಮಾತ್ರ ಇಟ್ಟುಕೊಳ್ಳುತ್ತಾರೆ. ಬೇಕಾದ ಆಳವನ್ನು ಒಂದೇ ಸಲಕ್ಕೆ ಕೊರೆಯದೆ ಎರಡು ಮೂರು ಸಲ ತೆಳ್ಳಗೆ ತೆಗೆಯುವುದು, ತುದಿಗೆ ಒಂದು ರದ್ದಿ ತುಂಡನ್ನು ಬಿಗಿದು ನಾರಿಗೆ ಆಸರೆ ಕೊಡುವುದು, ಎಳೆಗೆ ಅಡ್ಡವಾದ ಬದಿಗಳನ್ನು ಮೊದಲು ಮುಗಿಸುವುದು ಇವೂ ಬೇಕು. ಅಡ್ಡಬದಿಯಲ್ಲಿ ಮೂಲೆ ಸ್ವಲ್ಪ ಹಾರಿದರೂ ಉದ್ದಬದಿ ಕೊರೆಯುವಾಗ ಆ ಗಾಯ ಅಳಿದುಹೋಗುತ್ತದೆ. ಅದಕ್ಕೂ ಮೊದಲು ಗೆರೆಯುದ್ದಕ್ಕೂ ಚಾಕುವಿನಿಂದ ಒಂದು ಗೀರು. ಗುಡಿಗಾರನ ಗೀರೇ!

ಗಂಧ ಈಗ ಅಪರೂಪ. 2001ರ ತಿದ್ದುಪಡಿ ಜಮೀನುದಾರರಿಗೆ ತಮ್ಮ ನೆಲದ ಗಂಧದ ಮೇಲೆ ಹಕ್ಕು ಕೊಟ್ಟಿತಾದರೂ, ಕೆತ್ತುವಷ್ಟು ಚೇಗು ಬಲಿಯಲು ದಶಕಗಳೇ ಬೇಕು. ಹಾಗಾಗಿ ಕೆತ್ತನೆಗಾರರ ಮುಂದೆ ಶಿವನೆಯಂಥ ಮರಗಳು ಬಂದು ಕೂತಿವೆ. ಇವು ಗಂಧಕ್ಕಿಂತ ಮೆತ್ತಗೆ. ಅಲಗು ಕಿಂಚಿತ್ತು ಮೊಂಡಾದರೂ ನಾರು ಬಾಗಿ ಕಿತ್ತುಬರುತ್ತದೆ. ಗಂಧ ಮನ್ನಿಸುತ್ತಿದ್ದ ತಪ್ಪನ್ನು ಇವು ಮನ್ನಿಸುವುದಿಲ್ಲ. ಹಿನ್ನೆಲೆಯ ದಪ್ಪ ಮರವನ್ನು ಯಂತ್ರದಿಂದ ತೆಗೆದರೂ, ಗೆರೆಯ ಪಕ್ಕದ ಕೊನೆಯ ಕೂದಲೆಳೆಯನ್ನು ಆಗಷ್ಟೇ ಸಾಣೆ ಹಿಡಿದ ಉಳಿಗೆ ಬಿಡಬೇಕಾಗುತ್ತದೆ.